ಗೇಣಗಲದ ಸಂದಿ

ಕೂಸಿಗೆ ತೊಟ್ಟಿಲು ತಾಯಿಯ ತವರಿನಿಂದಲೇ ಹೋಗಬೇಕು. ಅಜ್ಜಿ ಸನೋಬರ್ ತಂದದ್ದು ಬಣ್ಣದ ಕಾಲಿನ ಚೆಂದದ ತೊಟ್ಟಿಲೇ, ಆದರೆ ಮಗ ಬೋತಿರನ ಕಾರು ಅಂಗೈಯಗಲದ್ದು. ಅದಕ್ಕೆ ಬೇರೆ ಡಿಕ್ಕಿ ಎಲ್ಲಿಂದ ಬರಬೇಕು! ಸೀಟಿನ ಬೆನ್ನಿಗೇ ಸಾಮಾನು, ಸಾಮಾನಿನ ಬೆನ್ನಿಗೇ ಮೇಲಕ್ಕೆತ್ತುವ ಬಾಗಿಲು. ಅರ್ಧ ಸೀಟು ಮಡಚಿ ತೂರಿಸಿದರೂ ತೊಟ್ಟಿಲ ಕಾಲು ಹೊರಗುಳಿಯಿತು. ಬೋತಿರ್ ಬಾಗಿಲನ್ನು ಗೇಣಗಲ ತೆರೆದೇ ಬಿಟ್ಟು ಹಗ್ಗ ಬಿಗಿದ.

ಉಳಿದರ್ಧ ಸೀಟಿನಲ್ಲಿ ಮಗಳು ನಫೋಸತ್, ಅವಳ ಮಡಿಲಲ್ಲಿ ಮೂವತ್ತೆಂಟು ದಿನದ ಹೆಣ್ಣುಕೂಸು. ನಲವತ್ತು ತುಂಬುವವರೆಗೆ ಗಾಳಿ ಸೋಕಬಾರದು. ಆದರೆ ಬೀಗರು ಆಗಲೇ ಊರಿಗೆಲ್ಲ ಔತಣ ಹೇಳಿಬಿಟ್ಟಿದ್ದರು. ಅವರದೇನು ಹೋಗಬೇಕು! ಕೋಕಂದ್ ಸೀಮೆಯ ಗಾಳಿಯೋ, ಕುರಿಯನ್ನೂ ನಡುಗಿಸುವಂಥದ್ದು. ಮುಂದೆ ಕೂತ ಸನೋಬರ್ ಗಾಜುಗಳನ್ನೆಲ್ಲ ಏರಿಸಿ ಅಂಚಿಗೆ ಬಟ್ಟೆ ತುರುಕಿದಳು. ಕಾರು ಮುಂದಕ್ಕೋಡುವಾಗ ಹಿಂದಿನ ಸಂದಿಯಿಂದ ಏನು ಬಂದೀತು ಎಂದುಕೊಂಡಳು.

ಅರ್ಧ ಗಂಟೆಗೆ ನಫೋಸತ್ ತಲೆಭಾರ ಎಂದಳು. ಬೋತಿರನೂ ಹಣೆ ಒತ್ತಿಕೊಳ್ಳುತ್ತಿದ್ದ. ತೊಟ್ಟಿಲು ನೋಡಲು ಬಂದಿದ್ದ ಪಕ್ಕದ ಮನೆಯವಳದ್ದೇ ಕಣ್ಣು ಬಿದ್ದಿದೆ ಎಂದು ಸನೋಬರ್ ಶಪಿಸಿದಳು. ದೃಷ್ಟಿ ತೆಗೆಯುವ ಇಸಿರಿಕ್ ಸೊಪ್ಪನ್ನು ಡಬ್ಬಿಯಲ್ಲಿ ಹೊತ್ತಿಸಿ, ಹಿಂದಕ್ಕೆ ತಿರುಗಿ, ಕೂಸಿನ ಮೇಲೆ ಹಿಡಿದಳು. ಕೆಟ್ಟದ್ದೆಲ್ಲ ಹೊಗೆಯೊಂದಿಗೆ ಆ ಸಂದಿಯಿಂದ ಆಚೆ ಹೋಗಲಿ ಎಂದು.

ಹೊಗೆ ಆಚೆ ಹೋಗಲಿಲ್ಲ. ನೇರ ಅವಳ ಮುಖಕ್ಕೇ ಬಂತು.

ಡಬ್ಬಿಯನ್ನು ಸಂದಿಯ ಕಡೆಗೆ ಇನ್ನಷ್ಟು ಚಾಚಿದಳು. ಮತ್ತೆ ಒಳಕ್ಕೇ. ಹೋದ ಚಳಿಗಾಲದಲ್ಲಿ ಎದುರುಮನೆಯ ಒಲೆಯ ಕೊಳವೆಯಿಂದ ಹೊಗೆ ಹೀಗೇ ಒಳಗೆ ತಿರುಗಿತ್ತು. ಗಂಡ ಹೆಂಡತಿ ಇಬ್ಬರೂ ಏಳಲಿಲ್ಲ. ಸತ್ತ ಮೇಲೂ ಅವರ ಕೆನ್ನೆಗಳು ಕೆಂಪಗಿದ್ದವು. ಈ ಸಂದಿಯ ಕೆಳಗೇ ಅಲ್ಲವೇ ಕಾರಿನ ಹೊಗೆಕೊಳವೆ? ಅವಳು ಕೂಸಿನ ಕೆನ್ನೆ ನೋಡಿದಳು. ಕೆಂಪಗಿತ್ತು. ಎಷ್ಟು ಹೊತ್ತಿನಿಂದ ಅದು ಅತ್ತಿಲ್ಲ?

"ನಿಲ್ಸೋ! ಗಾಡಿ ನಿಲ್ಸೋ!"

ನಫೋಸತ್ ಇಳಿದವಳೇ ರಸ್ತೆ ಬದಿಗೆ ವಾಂತಿ ಮಾಡಿಕೊಂಡಳು. ಸನೋಬರ್ ಕೂಸನ್ನು ಕಸಿದುಕೊಂಡು ಹೊದಿಕೆಗಳನ್ನೆಲ್ಲ ಕಿತ್ತು ಹತ್ತಿಹೊಲದತ್ತ ಓಡಿದಳು. ಕೂಸಿನ ಕತ್ತು ತೋಳ ಮೇಲೆ ಜೋತುಬಿದ್ದಿತ್ತು. ಮೂವತ್ತೆಂಟು ದಿನ ಯಾವ ಗಾಳಿಗೆ ಹೆದರಿ ಕದ ಹಾಕಿದ್ದಳೋ ಅದಕ್ಕೇ ಆ ಪುಟ್ಟ ಮುಖವನ್ನು ಒಡ್ಡಿದಳು.

"ಬೀಸು, ನಮ್ಮಪ್ಪಾ, ಬೀಸು," ಎಂದು ಗಾಳಿಯನ್ನು ಬೇಡಿಕೊಂಡಳು.

ಕೂಸು ಅಲುಗಲಿಲ್ಲ. ಅಂಗಾಲು ತಿಕ್ಕಿದಳು. ಇನ್ನೊಮ್ಮೆ ತಿಕ್ಕಿದಳು. ಆಮೇಲೆ ಒಂದು ಸಣ್ಣ ಸೀನು, ಅದರ ಹಿಂದೆಯೇ ಹೊಲ ದಾಟಿ ಕೇಳುವಂಥ ಅಳು. ಸನೋಬರ್ ಮಣ್ಣಿನಲ್ಲೇ ಕುಸಿದು ಕೂತಳು.

ತಲೆ ತಿಳಿಯಾಗುವವರೆಗೆ ಮೂವರೂ ಅಲ್ಲೇ ಕೂತರು. ತೊಟ್ಟಿಲನ್ನು ಇಳಿಸಿ ರಸ್ತೆಬದಿಯ ಹೊಲದವರ ಮನೆಯಲ್ಲಿಟ್ಟು, ಹಿಂದಿನ ಬಾಗಿಲು ಜಡಿದರು. ಬರಿಗೈಲಿ ಬಂದರೆಂದು ಬೀಗರು ಆಡಿಕೊಂಡರೆ ಆಡಿಕೊಳ್ಳಲಿ. ಈ ಸಲ ಸನೋಬರ್ ಕೂಸನ್ನು ತಾನೇ ಎತ್ತಿಕೊಂಡಳು. ಬೋತಿರ್ ಅಭ್ಯಾಸದಂತೆ, ಇಳಿಸಿಟ್ಟಿದ್ದ ಗಾಜು ಏರಿಸಲು ಹೋದ.

"ಅದನ್ನ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು.