ಒಂದ್ನಿಮಿಷ ತಡಿಯೇ

ಗಂಡನ ಹೆಣದ ಎದೆಯ ಮೇಲಿಟ್ಟಿದ್ದ ದಪ್ಪ ಲ್ಯಾಟಿನ್ ನಿಘಂಟನ್ನು ಎತ್ತಿ ಅವಳು ಕಿಟಕಿ ಪಕ್ಕದ ಕುರ್ಚಿಗೆ ದೊಪ್ಪನೆ ಎಸೆದಳು. ಬಂದವರೆಲ್ಲ ತಿರುಗಿ ನೋಡಿದರು.

"ಅತ್ತಿಗೆ, ಇದೇನಿದು!" ಮೈದುನ ಓಡಿಬಂದ. "ಅಣ್ಣನ ಜೀವವೇ ಅದರಲ್ಲಿತ್ತು. ಜೊತೆಗೆ ಹೋಗ್ಲಿ ಅಂತ ನಾನೇ ಇಟ್ಟಿದ್ದು."

"ಬದುಕಿದ್ದಾಗ ಜೊತೆಗಿದ್ದದ್ದು ಸಾಕು."

ಗಂಡನ ಕೆಲಸ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವುದು. ಹಾಗೆ ಹೋಗಿದ್ದ ಹಳೇ ಆಸ್ಪತ್ರೆಯ ಬಾಗಿಲ ಮೇಲೆ ಕೆತ್ತಿದ್ದ ಎರಡು ಲ್ಯಾಟಿನ್ ಪದ ಏನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಹುಚ್ಚು ಹತ್ತಿದ್ದು ಅಲ್ಲಿಂದ. ಸಂಜೆ ಬಂದು ಕೋಣೆ ಸೇರಿದರೆ ಊಟಕ್ಕೆ ಕರೆದಾಗಲೇ ಹೊರಗೆ. ಊಟಕ್ಕೆ ಕೂತರೂ ತುಟಿ ಆಡುತ್ತಲೇ ಇರುತ್ತಿತ್ತು, ಅವಳೊಡನಲ್ಲ. "ಕುಡಿಯಲ್ಲ, ಇಸ್ಪೀಟ್ ಆಡಲ್ಲ, ನಿನಗಿನ್ನೇನು ಬೇಕು?" ಎಂದು ತವರಿನವರು ಅವಳ ಬಾಯಿ ಮುಚ್ಚಿಸುತ್ತಿದ್ದರು.

*

ಎದೆಯಲ್ಲಿ ಗಂಟು ಸಿಕ್ಕಿದ ವರ್ಷ, ವರದಿ ಹಿಡಿದು ಆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ರೀ, ಡಾಕ್ಟರು..."

ಅವನು ತಲೆಯೆತ್ತದೆ ಬೆರಳೆತ್ತಿದ. "ಒಂದ್ನಿಮಿಷ ತಡಿಯೇ. ಈ ಭಾಷೇಲಿ ಕ್ರಿಯಾಪದ ಕೊನೇಲಿ ಬರತ್ತೆ. ಅಲ್ಲೀವರೆಗೂ ಏನಾಯ್ತು ಅಂತಾನೇ ತಿಳಿಯಲ್ಲ."

"ನಮ್ಮ ಮಾತಲ್ಲೂ ಕೊನೇಲೇ ಬರೋದು."

"ಹೌದಲ್ವಾ!" ಖುಷಿಯಿಂದ ನಕ್ಕು ಪುಟ ತಿರುಗಿಸಿದ.

ಇನ್ನಷ್ಟು ಹೊತ್ತು ನಿಂತಳು. ಆಮೇಲೆ ಚೀಲ ತೆಗೆದುಕೊಂಡು ಅಕ್ಕನ ಮನೆಗೆ ಹೋದಳು. ಆಪರೇಷನ್‌ಗೆ ಸಹಿ ಹಾಕಿದ್ದು ಅಕ್ಕ. ಗಂಡ ಬಂದದ್ದು ಎಲ್ಲ ಮುಗಿದ ಮೇಲೆ. "ಒಂದು ಮಾತು ಹೇಳಬಾರದಿತ್ತೇನೇ?" ಎಂದು ಮಂಚದ ಪಕ್ಕ ಕೂತು ಅತ್ತ. ಆ ಅಳು ನೋಡಿಯೇ ಅವಳ ಮೈಯೆಲ್ಲ ಉರಿದುಹೋಗಿತ್ತು.

*

ಸ್ಮಶಾನದಲ್ಲಿ, ಗುಂಡಿಯ ಬಳಿ ಗಂಡನ ಗೆಳೆಯ, ಔಷಧಿ ಅಂಗಡಿಯವನು, ಗಂಟಲು ಸರಿಮಾಡಿಕೊಂಡು ಲ್ಯಾಟಿನ್‌ನಲ್ಲಿ ಏನೋ ಹೇಳತೊಡಗಿದ. ಜನ ತಲೆ ತಗ್ಗಿಸಿದರು.

"ನಿಲ್ಸಿ," ಎಂದಳು. "ಹಾಗಂದ್ರೆ ಏನು?"

"ಅದು... ನಾನು ಹೋದ್ರೆ ಹೇಳು ಅಂತ ಅವನೇ ಬಾಯಿಪಾಠ ಮಾಡಿಸಿದ್ದಮ್ಮ. ಅರ್ಥ ನಾನು ಕೇಳ್ಲಿಲ್ಲ."

"ನನ್ನ ಹೆಸರಿದ್ಯಾ ಅದರಲ್ಲಿ?"

ಅಂಗಡಿಯವನು ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ಸಾಕು. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದೀನಿ. ಇವತ್ತೂ ಕೇಳ್ಬೇಕಾ?"

"ಅತ್ತಿಗೆ, ಜನ ನೋಡ್ತಿದ್ದಾರೆ," ಮೈದುನ ಪಿಸುಗುಟ್ಟಿದ.

"ನೋಡ್ಲಿ."

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಅವಳು ಗುಂಡಿ ತೋಡಿದವನ ಕೈಯಿಂದ ಸಲಿಕೆ ಕಿತ್ತುಕೊಂಡಳು. ಆಪರೇಷನ್ ಆದ ಕಡೆಯ ತೋಳು ಮೇಲೇಳದು. ಸಲಿಕೆಯ ಹಿಡಿಯನ್ನು ಹೊಟ್ಟೆಗೆ ಆನಿಸಿಕೊಂಡು, ಇನ್ನೊಂದು ಕೈಯಲ್ಲೇ ಮಣ್ಣು ನೂಕಿದಳು. ಅದನ್ನು ಬಿಡಿಸಿಕೊಳ್ಳಲು ಬಂದ ಮೈದುನ ಅವಳ ಮುಖ ನೋಡಿ ಅಲ್ಲೇ ನಿಂತ. ಹೆಂಟೆಗಳು ಪೆಟ್ಟಿಗೆಯ ಮೇಲೆ ಧಡಧಡ ಬಿದ್ದವು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.