ಮೂಕಯ್ಯನ ತಿಣ್ಣೆ

ದ್ರಾಕ್ಷಿ ಚಪ್ಪರದ ಕೆಳಗೆ ಮೂಕಯ್ಯ ಕುಸಿದುಬಿದ್ದನೆಂಬ ಸುದ್ದಿ ಹನುಮಂತನಪಟ್ಟಿಗೆ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಆಸ್ಪತ್ರೆಯಲ್ಲಿ ಪ್ರಾಣ ಹೋಯಿತೆಂಬ ಸುದ್ದಿ ಹನ್ನೊಂದಕ್ಕೆ. ಅವನಿಗಾಗಿ ಹುರುಳಿ ರಸ ಕುದಿಸುತ್ತಿದ್ದ ವೆಳ್ಳೈಯಮ್ಮಾಳ್ ಒಲೆ ಆರಿಸಿ ನೆಲದ ಮೇಲೆ ಕೂತಳು. ಎದೆ ಬಡಿದುಕೊಂಡು ಅಳಬೇಕು ಎನ್ನುವಷ್ಟರಲ್ಲಿ ಮಾಳಿಗೆಯಿಂದ ಮನೆಯೊಡೆಯ ಕಾಳಿಮುತ್ತು ಇಳಿದು ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಮನಸ್ಸಿಗೆ ಹಚ್ಕೋಬ್ಯಾಡ. ಅಣ್ಣನ್ನ ಆಸ್ಪತ್ರೆಯಿಂದ ನೇರ ಸುಡುಗಾಡಿಗೆ ತಕ್ಕೊಂಡ್ ಹೋಗಾಣ. ಬಾಡಿಗೆ ಮನೆಗೆ ಹೆಣ ತರೋ ವಾಡಿಕೆ ಇಲ್ಲ. ಶುಕ್ರವಾರ ನನ್ ಮಗಳ ನಿಶ್ಚಯ ಬೇರೆ. ಮನೆಗೆ ತೀಟು, ಮೈಲಿಗೆ ಆಗ್ತದೆ."

ಮೂವತ್ತು ವರ್ಷ ಆ ಮನೆಯ ಬಾಗಿಲಿಗೆ ಅರಿಸಿನ ಹಚ್ಚಿದವಳು ಅವಳು. ಗಂಡ ಅದೇ ಬಾಗಿಲಿಂದ ಹೊರಡಬೇಕು; ಅವಳಿಗೆ ಬೇಕಾದದ್ದು ಅಷ್ಟೇ. ಬರುತ್ತಿದ್ದ ಅಳು ನಿಂತುಹೋಯಿತು. ಕಣ್ಣೊರೆಸಿಕೊಂಡಳು.

"ಸರಿ ತಂಬಿ. ನಿನ್ ಮನೆ ಒಳಗೆ ತರಲ್ಲ. ನಮ್ ತಿಣ್ಣೆ ಮ್ಯಾಲೆ ಮಲಗಿಸ್ತೀನಿ."

ಕಾಳಿಮುತ್ತು ತಿರುಗಿ ತಿಣ್ಣೆಯ ಕಡೆ ನೋಡಿದ.

ಆ ತಿಣ್ಣೆಯ ಕಥೆ ಊರಿಗೇ ಗೊತ್ತು. ಸಂಜೆ ಕೂತು ಹರಟೆ ಹೊಡೆಯಲು ಮೂಕಯ್ಯನಿಗೆ ಒಂದು ಜಗಲಿ ಬೇಕಿತ್ತು. ಅವನು ಕಟ್ಟಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಂಡಾನು ಎಂದು ಕಾಳಿಮುತ್ತುವಿಗೆ ಹೆದರಿಕೆ. ಅದಕ್ಕೆ ಪೆರುಮಾಳ್ ಗುಡಿಯ ಮುಂದೆ ಕರ್ಪೂರ ಹಚ್ಚಿ, "ನೀನೇ ಕಟ್ಕೋ, ಅದು ನಿಂದೇ, ನಂಗೆ ಅದ್ರಾಗೆ ಹಕ್ಕಿಲ್ಲ" ಎಂದು ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಆಣೆ ಮಾಡಿದ್ದ. ಐದು ವರ್ಷದ ಮೇಲೆ ತನಗೆಂದು ಮಾಳಿಗೆ ಕಟ್ಟಿಸಿದಾಗ, ಮೆಟ್ಟಿಲು ಇಳಿಸಲು ಆ ತಿಣ್ಣೆ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ. ಅಂದಿನಿಂದ ಅವನು ಇಳಿದು ಬರುವ ಹೊತ್ತಿಗೆ ಮೂಕಯ್ಯ ದಿನವೂ ಕೆಣಕುತ್ತಿದ್ದ: "ಏನ್ ಒಡೆಯಾ, ನನ್ ಜಾಗದಾಗೆ ಕಾಲಿಡ್ತೀಯ. ಬಾಡಿಗೆ ಕೇಳಿದ್ನಾ ನಾನು?"

ಕರ್ಪೂರದ ಆಣೆಯನ್ನು ಕಾಳಿಮುತ್ತು ಮೀರಲಾರ. ಮೇಲೆ ಹತ್ತಿಹೋದ.

ಮಧ್ಯಾಹ್ನ ವ್ಯಾನು ಬಂತು. ಮೂಕಯ್ಯನನ್ನು ತಿಣ್ಣೆಯ ಉದ್ದಕ್ಕೂ ಮಲಗಿಸಿದರು. ಎತ್ತರದ ಆಳು, ತಲೆ ಇದ್ದದ್ದು ಬಾಗಿಲ ಹತ್ತಿರ, ಕಾಲು ಸರಿಯಾಗಿ ಕೊನೆಯ ಮೆಟ್ಟಿಲ ಮುಂದೆ. ಸ್ವಲ್ಪ ಹೊತ್ತಿಗೆ ಕಾಳಿಮುತ್ತು ಬಿಳಿ ಅಂಗಿ ತೊಟ್ಟು, ಬೀಗರಿಗೆ ವಿಷಯ ತಿಳಿಸಲು ಹೊರಟು ಮೆಟ್ಟಿಲಿಳಿದು ಬಂದ. ಕೊನೆಯ ಮೆಟ್ಟಿಲಲ್ಲಿ ಕಾಲು ಗಾಳಿಯಲ್ಲೇ ನಿಂತಿತು. ಹೆಣವನ್ನು ದಾಟುವುದುಂಟೇ?

"ಅಕ್ಕಾ, ನಾನ್ ಕೆಳಗೆ ಬರ್ಬೇಕು."

"ನನ್ನ ಏನ್ ಕೇಳ್ತೀ ತಂಬಿ? ಜಾಗ ಅವ್ರದು. ಅವ್ರನ್ನೇ ಕೇಳು."

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಾಳಿಮುತ್ತು ಬಾಗಿದ.

"ಮೂಕಣ್ಣಾ, ಕಾಲು ಸ್ವಲ್ಪ ಮಡಚ್ಕೋ..."

ಎಷ್ಟೋ ಸಂಜೆ ಆಡಿದ ಮಾತು ಅದು. ಆಗೆಲ್ಲ ಮೂಕಯ್ಯ ಬೇಕೆಂದೇ ಕಾಲನ್ನು ಇನ್ನೂ ಚಾಚುತ್ತಿದ್ದ. ಇವತ್ತು ಆ ಕಾಲು ಅಲ್ಲಾಡಲಿಲ್ಲ. ಕಾಳಿಮುತ್ತು ಮೆಟ್ಟಿಲ ಮೇಲೆಯೇ ಕುಸಿದು ಕೂತು, ಬಿಳಿ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತ.

"ಒಳಗೆ ತಕ್ಕೊಂಡ್ ಹೋಗಕ್ಕಾ," ಎಂದ ಕೊನೆಗೆ. "ನಡುಮನೇಲಿ ಮಲಗಿಸು. ನಿಶ್ಚಯ ಗುಡೀಲಿ ಇಟ್ಕೋತೀನಿ. ಅವ್ನು ಇಲ್ಲೇ ಇದ್ರೆ ನನ್ನನ್ನ ಮಾಳಿಗೆಯಿಂದ ಇಳಿಯಾಕೇ ಬಿಡಲ್ಲ."

ಬಾಗಿಲ ಎರಡು ರೆಕ್ಕೆಗಳನ್ನೂ, ಹೆಂಗಸರ ನಡುವೆ ಕೂತಿದ್ದ ಕಾಳಿಮುತ್ತುವಿನ ಹೆಂಡತಿ ಎದ್ದು ತೆರೆದಳು. ನಾಲ್ಕು ಜನ ಮೂಕಯ್ಯನನ್ನು ಎತ್ತಿದರು. ದಾರಿ ಬಿಟ್ಟ ಕೂಡಲೇ ಕಾಳಿಮುತ್ತು ಇಳಿದು ಬಂದು, ತಾನೂ ಹೆಗಲು ಕೊಟ್ಟು ಒಳಗೆ ಕೊಂಡೊಯ್ದ.

ವೆಳ್ಳೈಯಮ್ಮಾಳ್ ತಲೆಯ ಹತ್ತಿರ ದೀಪ ಹಚ್ಚಿ ಕೈಮುಗಿದಳು. ಪೆರುಮಾಳೇ, ಯಾರೂ ಖಾಲಿ ಮಾಡು ಎನ್ನದ ನಿನ್ನ ಪಾದದ ಹತ್ತಿರ ಇವರಿಗೆ ಒಂದಿಷ್ಟು ಜಾಗ ಕೊಡು. ಬಾಗಿಲ ಮುಂದೆ ತಿಣ್ಣೆ ಕಟ್ಟಲು ಕೇಳಿದರೆ ಬೇಡವೆನ್ನಬೇಡ. ಕಾಲು ಚಾಚಿ ನೆಮ್ಮದಿಯಾಗಿ ಮಲಗಲಿ, ಸಾಮಿ.