ರಟ್ಟಿನ ಡಬ್ಬಿಯ ಇಂಗ್ಲಿಷು

ತಸ್ಲೀಮ ಇಂಗ್ಲಿಷ್ ಟೀಚರಾಗಿ ತಿಕೋಟಾದ ಹೈಸ್ಕೂಲಿಗೆ ಬಂದ ವರ್ಷ ಎಂಟನೇ ತರಗತಿಯ ಮಕ್ಕಳು ಪಾಠವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ನಡುವೆ ಯಾವುದಾದರೂ ಶಬ್ದದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರೆ ಮಾತ್ರ ಇಡೀ ವರ್ಗ ಕಿಟಕಿಯ ಕಡೆ ನೋಡುತ್ತಿತ್ತು. ಪಾಠ ಬಾಯಿಗೆ ಬಂದಿತ್ತು, ಓದಲು ಬಂದಿರಲಿಲ್ಲ.

"ಪುಸ್ತಕ ಒಂದರಿಂದ ಆಗೂದಿಲ್ಲ ಸರ. ಕಾರ್ಡು, ಚಿತ್ರ, ಸಣ್ಣ ಸಣ್ಣ ಓದೂ ಪುಸ್ತಕ ಬೇಕ್ರಿ" ಎಂದು ಅವಳು ಹೆಡ್‌ಮಾಸ್ತರ ಬಸಲಿಂಗಯ್ಯನವರ ಮುಂದೆ ಹೇಳಿಕೊಂಡಳು.

"ಬೇಕು ಖರೆ, ತರೂದು ಎಲ್ಲಿಂದ?" ಎಂದರು ಅವರು. "ಬಂದ ರೊಕ್ಕ ಶೌಚಾಲಯದ ಬಾಗಿಲಕ್ಕ ಹೋತು. ಖರ್ಚಿಲ್ಲದ್ದು ಏನರ ಸಿಕ್ಕರ ತಗೊಂಬರ್ರಿ, ನಾ ಬ್ಯಾಡ ಅನ್ನಾಂವಲ್ಲ."

ಬಿ.ಎಡ್. ಓದುವಾಗಿನ ಗೆಳತಿ ವಿಜಯಲಕ್ಷ್ಮೀ ಬಬಲೇಶ್ವರದ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲಿ ಇಂಗ್ಲಿಷ್ ಕಲಿಸಲು ಕಂಪನಿಯ ಕಿಟ್ ತರಿಸಿದ್ದಾರೆ ಎಂದು ಕೇಳಿ ತಸ್ಲೀಮ ಒಂದು ಶನಿವಾರ ಬಸ್ಸು ಹಿಡಿದು ಹೋದಳು. ಹೊಳೆಯುವ ಕಾರ್ಡುಗಳು, ಮೇಜಿನಷ್ಟು ಅಗಲದ ಕತೆ ಪುಸ್ತಕಗಳು, ಗುಂಡಿ ಒತ್ತಿದರೆ ಮಾತಾಡುವ ಒಂದು ಪೆನ್ನು. ಒಂದು ಕಾರ್ಡಿನಲ್ಲಿ ಹುಡುಗನೊಬ್ಬ ಹಿಮದ ಬೊಂಬೆಗೆ ಟೊಪ್ಪಿಗೆ ಹಾಕುತ್ತಿದ್ದ.

"ನಮ್ಮ ಹುಡುಗ್ರು ಇದನ್ನ ಹತ್ತಿ ಅಂತಾವ" ಎಂದು ವಿಜಯಲಕ್ಷ್ಮೀ ನಕ್ಕಳು. ಆಮೇಲೆ ಕಿಟ್ಟಿನ ಬೆಲೆ ಹೇಳಿದಳು. ತಸ್ಲೀಮ ಕಾರ್ಡುಗಳನ್ನು ಇದ್ದ ಹಾಗೆಯೇ ಜೋಡಿಸಿ ಡಬ್ಬಿಯಲ್ಲಿಟ್ಟು ಚಹಾ ಕುಡಿದು ಬಂದಳು.

ಅವಳ ಮನೆ ಇದ್ದದ್ದು ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಅಲ್ಲಿಯ ರದ್ದಿ ಅಂಗಡಿಗೆ ಹೋಗಿ ಇಂಗ್ಲಿಷ್ ಪೇಪರು, ಹಳೆಯ ಮಾಸಿಕಗಳನ್ನು ಕಿಲೋ ಲೆಕ್ಕದಲ್ಲಿ ತೂಗಿಸಿ ತಂದಳು. ಮಕ್ಕಳು ಅವುಗಳಲ್ಲಿ ಕ್ರಿಕೆಟ್ ಆಟಗಾರರನ್ನೂ ಕಾರುಗಳನ್ನೂ ಹುಡುಕಿ ನೋಡಿದರು. ಅಕ್ಷರದ ತಂಟೆಗೆ ಯಾರೂ ಹೋಗಲಿಲ್ಲ. ಒಂದೊಂದು ವಾಕ್ಯವೂ ಅಷ್ಟುದ್ದ ಇತ್ತು, ಅವರದು ತಪ್ಪಲ್ಲ. ವಾರ ಕಳೆಯುವುದರಲ್ಲಿ ಪೇಪರುಗಳೆಲ್ಲ ನೋಟ್‌ಬುಕ್ಕುಗಳ ಹೊದಿಕೆಯಾದವು. ತಸ್ಲೀಮ ಬೈಯಲು ಹೋಗಲಿಲ್ಲ.

ಕಿರುಪರೀಕ್ಷೆಯ ದಿನ ಐಶ್ವರ್ಯ ಎಂಬ ಹುಡುಗಿ ಬರೆಯುವುದನ್ನು ಬಿಟ್ಟು ತುಟಿ ಅಲ್ಲಾಡಿಸುತ್ತ ಕುಳಿತಿದ್ದಳು. ಕಾಪಿ ಇರಬೇಕೆಂದು ತಸ್ಲೀಮ ಹತ್ತಿರ ಹೋದಳು. ಹುಡುಗಿ ಉತ್ತರಪತ್ರಿಕೆಯ ಕೆಳಗೆ ಪ್ಯಾಡಿನ ಹಾಗೆ ಇಟ್ಟುಕೊಂಡದ್ದು ಮಣೂಕ, ಅಂದರೆ ಒಣದ್ರಾಕ್ಷಿ ಡಬ್ಬಿಯಿಂದ ಕತ್ತರಿಸಿದ ರಟ್ಟು. ಅದರ ಮೇಲಿನ ಇಂಗ್ಲಿಷನ್ನು ಅವಳು ಓದುತ್ತಿದ್ದಳು.

"ಇದೇನವಾ?" ತಸ್ಲೀಮ ಒಂದು ಶಬ್ದ ತೋರಿಸಿದಳು.

"ಸೀಡ್‌ಲೆಸ್ ರೀ. ಬೀಜ ಇಲ್ಲದ್ದು."

"ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ. ಒಳಗಿನ ಮಣೂಕದಾಗ ಬೀಜ ಇರೂದಿಲ್ಲಲ್ರಿ, ಅದಕ್ಕ ಅದ ಇರಬೇಕು ಅಂದ್ಕೊಂಡ್ನಿ."

ಆ ಸಂಜೆ ತಸ್ಲೀಮ ವಿಜಯಪುರದ ಬಸ್ಸು ಬಿಟ್ಟು ಗುರಲಿಂಗಪ್ಪನವರ ಗೋದಾಮಿನ ಕಡೆ ನಡೆದಳು. ಅವರು ಊರಿನ ದೊಡ್ಡ ಒಣದ್ರಾಕ್ಷಿ ವ್ಯಾಪಾರಿ. ಐಶ್ವರ್ಯಳ ತಾಯಿ ಶಂಕ್ರೆವ್ವ ಅಲ್ಲಿಯೇ ದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಹರಿದ ಡಬ್ಬಿಗಳಿದ್ದರೆ ಶಾಲೆಗೆ ಕೊಡುತ್ತೀರಾ ಎಂದು ಕೇಳಿದಾಗ ಗುರಲಿಂಗಪ್ಪನವರಿಗೆ ಮೊದಲು ತಿಳಿಯಲಿಲ್ಲ, ತಿಳಿದ ಮೇಲೆ ಬಹಳ ಖುಷಿಯಾಯಿತು.

"ಹರದದ್ದು ಯಾಕ್ರಿ? ಹೊಸಾವ ಒಯ್ಯಿರಿ" ಎಂದು ಹರಕು ಡಬ್ಬಿಗಳ ಮೇಲೆ ಒಂದು ಕಟ್ಟು ಹೊಸ ಡಬ್ಬಿಗಳನ್ನೂ ಇಡಿಸಿದರು. "ಮೊನ್ನೆ ಮೊನ್ನೆ ಪ್ರಿಂಟ್ ಹಾಕಿಸೇನಿ. ಮುಂಬೈತನಕ ಹೋಗ್ತಾವ ಇವು."

ಮರುವಾರದಿಂದ ವರ್ಗದ ಬಣ್ಣವೇ ಬೇರೆಯಾಯಿತು. ಪ್ರತಿ ಬೆಂಚಿಗೆ ಒಂದು ಡಬ್ಬಿ. ಓಪನ್ ಹಿಯರ್ ಎಂದಲ್ಲಿ ತೆರೆದು ನೋಡಿದರು, ನೆಟ್ ವೇಟ್ ಎಂದರೆ ಡಬ್ಬಿಯ ಭಾರ ಬಿಟ್ಟು ಒಳಗಿನ ಮಾಲಿನ ತೂಕ ಎಂದು ತಿಳಿದುಕೊಂಡರು. ಕೀಪ್, ಸ್ಟೋರ್, ಓಪನ್ ಎಂಬ ಶಬ್ದಗಳನ್ನು ಹಿಡಿದು ಒಬ್ಬರಿಗೊಬ್ಬರು ಹುಕುಂ ಮಾಡಿದರು. ಮನೆಯಿಂದ ಸೋಪಿನ ಕಾಗದ, ಚಹಾಪುಡಿಯ ಪಾಕೀಟು, ಗೊಬ್ಬರದ ಚೀಲದ ತುಂಡು ತಂದರು. ಕೆಲವು ಓದಲು ಬಂದವು, ಕೆಲವು ಬರಲಿಲ್ಲ. ಬರದಿದ್ದದ್ದನ್ನು ಕೇಳುವ ಧೈರ್ಯ ಮಾತ್ರ ಬಂದಿತು.

ಹೊಸ ಡಬ್ಬಿಗಳನ್ನು ಬಿಚ್ಚಿದ ದಿನ ಸಿದ್ದರಾಯ ಎಂಬ ಹುಡುಗ ಎದ್ದು ನಿಂತ. "ಮೇಡಮ್ಮರ, ಪ್ಯಾಲೇಸ್ ಅಂದ್ರ ಅರಮನಿ ಅಲ್ರಿ?"

ತಸ್ಲೀಮ ಡಬ್ಬಿ ತಿರುಗಿಸಿ ನೋಡಿದಳು. ತಂಪಾದ, ಒಣಗಿದ ಜಾಗದಲ್ಲಿಡಿ ಎಂದು ಬರೆಯಲು ಹೋಗಿ ಪ್ಲೇಸ್ ಎಂಬಲ್ಲಿ ಒಂದು ಅಕ್ಷರ ಹೆಚ್ಚಾಗಿ ಪ್ಯಾಲೇಸ್ ಎಂದು ಅಚ್ಚಾಗಿತ್ತು. ವರ್ಗ ಬಿದ್ದು ಬಿದ್ದು ನಕ್ಕಿತು. ಅವಳಿಗೂ ನಗು ತಡೆಯಲಾಗಲಿಲ್ಲ.

"ಸಾವಕಾರ್ರಿಗೆ ನಾ ಹೇಳ್ತೀನಿ. ನೀವು ಸುಮ್ಮನಿರ್ರಿ" ಎಂದಳು.

ಆದರೆ ಹೇಳಲಿಲ್ಲ. ಪುಕ್ಕಟೆ ಕೊಟ್ಟವರ ವಸ್ತುವಿನಲ್ಲಿ ತಪ್ಪು ಹಿಡಿಯುವುದು ಹೇಗೆ ಎಂದು ಒಂದು ದಿನ ಮುಂದೂಡಿದಳು, ಮರುದಿನ ಬಸ್ಸಿಗೆ ತಡವಾಯಿತು, ಹಾಗೆಯೇ ವಾರ ಕಳೆಯಿತು. ಅಷ್ಟರೊಳಗೆ ಐಶ್ವರ್ಯ ಮನೆಯಲ್ಲಿ ತಾಯಿಗೆ ಹೇಳಿದ್ದಳು. ಶಂಕ್ರೆವ್ವ ತಮಾಷೆಯ ಹೆಂಗಸು. ಗೋದಾಮಿನಲ್ಲಿ ಗುರಲಿಂಗಪ್ಪ ಎದುರಿಗೆ ಬಂದಾಗ ಬಾಯಿ ಬಿಟ್ಟೇಬಿಟ್ಟಳು.

"ಸಾವಕಾರ್ರ, ನಮ್ಮ ಮಣೂಕ ಇನ್ನ ಅರಮನ್ಯಾಗ ಇರ್ತಾವಂತಲ್ರಿ!"

ಹೆಂಗಸರೆಲ್ಲ ನಕ್ಕರು. ಮರುದಿನ ಶಂಕ್ರೆವ್ವಳನ್ನು ಕೆಲಸಕ್ಕೆ ಕರೆಯಲಿಲ್ಲ. ಅದರ ಮರುದಿನವೂ ಇಲ್ಲ.

ತಸ್ಲೀಮಳಿಗೆ ಇದು ಗೊತ್ತಾದದ್ದು ಐಶ್ವರ್ಯಳ ಮುಖ ನೋಡಿ. ಹುಡುಗಿ ಡಬ್ಬಿಯನ್ನು ಮುಟ್ಟುತ್ತಲೇ ಇರಲಿಲ್ಲ. ಕರೆದು ಕೇಳಿದಾಗ, "ನಾ ಹೇಳಬಾರದಿತ್ರಿ. ಅವ್ವನ ಕೆಲಸ ಹೋತು" ಎಂದು ನೆಲ ನೋಡಿದಳು.

ಶಾಲೆ ಬಿಟ್ಟದ್ದೇ ತಸ್ಲೀಮ ಗೋದಾಮಿಗೆ ಹೋದಳು. ಗುರಲಿಂಗಪ್ಪ ಕುರ್ಚಿ ತೋರಿಸಿದರು, ಆದರೆ ಹಿಂದಿನ ಸಲದ ಹಾಗೆ ಚಹಾ ಹೇಳಲಿಲ್ಲ.

"ಬರ್ರಿ ಮೇಡಮ್ಮರ. ಇನ್ನೇನರ ತಪ್ಪು ಉಳದಾವೇನ?"

"ಒಂದು ಉಳದೈತ್ರಿ, ಅದು ನಂದು. ಓದಿದ ದಿನಾನ ಬಂದು ನಿಮಗ ಹೇಳಬೇಕಾಗಿತ್ತು. ಏನ ಅಂದ್ಕೋತೀರೋ ಅಂತ ಹಿಂದ ಸರದ್ನಿ. ನಾ ಹೇಳಿದ್ರ ಹುಡುಗಿ ಹೇಳೂ ಪ್ರಸಂಗ ಬರ್ತಿರಲಿಲ್ಲ, ಶಂಕ್ರೆವ್ವ ನಗೂ ಪ್ರಸಂಗಾನೂ ಬರ್ತಿರಲಿಲ್ಲ. ಆಕಿನ್ನ ಬಿಡಿಸಬ್ಯಾಡ್ರಿ."

"ನಗೂದಕ್ಕ ನನಗೇನೂ ಇಲ್ರಿ" ಎಂದರು ಗುರಲಿಂಗಪ್ಪ. "ಸಾಂಗ್ಲಿಯ ವ್ಯಾಪಾರಸ್ಥರು ಬಂದಿದ್ರು ಅವತ್ತ. ಅವರ ಮುಂದ ನಕ್ಕಾಳ." ಮೇಜಿನ ಮೇಲಿನ ದ್ರಾಕ್ಷಿಯಲ್ಲಿ ಕೈಯಾಡಿಸಿದರು. "ನನಗ ಇಂಗ್ಲಿಷ್ ಬರೂದಿಲ್ಲ. ಪ್ರೆಸ್ಸಿನವರು ಒಮ್ಮೆ ಓದಿ ನೋಡ್ರಿ ಅಂದ್ರು, ನೋಡಿದಂಗ ಮಾಡಿ ಹೂಂ ಅಂದ್ನಿ. ಈಗ ಗೋದಾಮ ತುಂಬ ಅರಮನಿ ಅದಾವು. ಸುಡಾಕ ಬರ್ತೈತೇನ?"

"ಸುಡೂದು ಬ್ಯಾಡ್ರಿ. ಅದೊಂದು ಸಾಲಿನ ಮ್ಯಾಲ ಸ್ಟಿಕ್ಕರ್ ಹಚ್ಚಿಸಿದ್ರ ಆತು. ಸಣ್ಣದು ಸಾಕು."

"ಹಚ್ಚಾಕ ಕೈ ಬೇಕಲ್ಲ?"

"ಶಂಕ್ರೆವ್ವ ಮನ್ಯಾಗ ಕುಂತಾಳ್ರಿ" ಎಂದಳು ತಸ್ಲೀಮ.

ಅವರು ನಗಲಿಲ್ಲ. ಆದರೆ ಕಾಗದ ತೆಗೆದು ಮುಂದಿಟ್ಟರು. "ಸರಿಯಾಗಿ ಬರದ ಕೊಡ್ರಿ. ಪ್ರೆಸ್ಸಿನಿಂದ ಮಾದರಿ ಬಂದ ಮ್ಯಾಲ ನಿಮ್ಮ ಹುಡುಗ್ರು ಓದಬೇಕು. ಈ ಸಲ ಅಚ್ಚಾಗೂಕಿಂತ ಮೊದಲ. ಆಕಿಗೆ ನಾಳೆ ಬಾ ಅಂತ ಹೇಳ್ರಿ."

ಸ್ಟಿಕ್ಕರಿನ ಮಾದರಿ ಬಂದಾಗ ತಸ್ಲೀಮ ಅದನ್ನು ಐಶ್ವರ್ಯಳ ಕೈಗೆ ಕೊಟ್ಟಳು. ವರ್ಗ ಕಾಯಿತು. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತ ಸಾಲನ್ನು ಮುಗಿಸಿ, ಮತ್ತೆ ಮೊದಲಿನಿಂದ ಓದಿ ನೋಡಿದಳು.

"ಇದರಾಗ ಅರಮನಿ ಇಲ್ರಿ" ಎಂದಳು.

ಎಲ್ಲರಿಗಿಂತ ಜೋರಾಗಿ ನಕ್ಕವನು ಸಿದ್ದರಾಯ. ಐಶ್ವರ್ಯ ಅವನನ್ನು ಕೆಕ್ಕರಿಸಿ ನೋಡಿದಳು, ಆಮೇಲೆ ಅವಳೂ ನಕ್ಕಳು.

ಗುರಲಿಂಗಪ್ಪ ತಸ್ಲೀಮಳ ಜೊತೆ ಮೊದಲಿನ ಸಲಿಗೆಯಿಂದ ಮಾತಾಡಲು ದೀಪಾವಳಿ ಬರಬೇಕಾಯಿತು. ಡಬ್ಬಿ ಕಳಿಸುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವರ್ಗದ ಅಂಕಗಳು ಹೇಳಿಕೊಳ್ಳುವಷ್ಟು ಏರಲಿಲ್ಲ, ಆದರೆ ಓದಿ ಅರ್ಥ ಬರೆಯುವ ಪ್ರಶ್ನೆಯನ್ನು ಖಾಲಿ ಬಿಟ್ಟವರು ಕಡಿಮೆಯಾದರು. ತಸ್ಲೀಮಳಿಗೆ ಅಷ್ಟು ಸಾಕಿತ್ತು.

ಒಂದು ಬೆಳಿಗ್ಗೆ ಬಸಲಿಂಗಯ್ಯನವರು ಅವಳನ್ನು ಕರೆದು ಡಬ್ಬಿಗಳನ್ನಿಟ್ಟ ಕಪಾಟು ತೋರಿಸಿದರು. ಅವುಗಳಲ್ಲಿ ಉಳಿದ ಸಿಹಿಗೆ ಇರುವೆಗಳು ಸಾಲು ಹಿಡಿದು ಹಾಜರಿ ಪುಸ್ತಕದವರೆಗೂ ಬಂದಿದ್ದವು.

"ಖರ್ಚಿಲ್ಲದ್ದು ತಗೊಂಬರ್ರಿ ಅಂದಿದ್ನಿ. ಇರಬಿ ತಗೊಂಬರ್ರಿ ಅಂದಿದ್ದಿಲ್ಲ" ಎಂದರು.

ಅಂದಿನಿಂದ ಇಂಗ್ಲಿಷ್ ಪಿರಿಯಡ್ಡಿನ ಮೊದಲ ಕೆಲಸ ಹಸಿ ಬಟ್ಟೆಯಿಂದ ಡಬ್ಬಿ ಒರೆಸುವುದು. ಒರೆಸುತ್ತ ಒರೆಸುತ್ತ ಮಕ್ಕಳು ಓದುತ್ತಾರೆ.